ಕರಿ ಕಂಬಳಿಯ ಗೊಂಬೆ

ಗೊಂಬೆ ಆಟದಲ್ಲಿ ದೇವಪ್ಪ ಗೆದ್ದದ್ದು ಒಂದೇ ಸಲ. ಗೆದ್ದ ಕಾಲು ಗಂಟೆಗೆ, ಸೋತಿದ್ದರೇ ಚೆನ್ನಾಗಿತ್ತು ಎನ್ನುವಂತಾಯಿತು.

ಇಳಕಲ್ಲಿನ ನಮ್ಮ ಓಣಿಯಲ್ಲಿ ದೇವಪ್ಪನನ್ನು ನೋಡದವರು ಇರಬಹುದು, ಕೇಳದವರು ಇಲ್ಲ. ಹೊಳೆಯ ನೀರೆತ್ತುವ ಪಂಪ್‌ಹೌಸಿನಲ್ಲಿ ಮೂವತ್ತೆರಡು ವರ್ಷ ದುಡಿದವನು. ಮೋಟಾರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವನ ದನಿ ಬೆಳೆಯಿತು. ನಿವೃತ್ತಿಯಾದಾಗ ಮೋಟಾರು ಅಲ್ಲೇ ಉಳಿಯಿತು, ದನಿ ಅವನ ಜೊತೆ ಮನೆಗೆ ಬಂತು. ಊಟಕ್ಕೆ ಕೂತು "ಸಾರಿಗೆ ಉಪ್ಪು ಕಡಿಮಿ ಆಗೈತಿ" ಎಂದರೆ ಮೂರು ಮನೆಯವರು ತಮ್ಮ ಸಾರಿನ ರುಚಿ ನೋಡಿಕೊಳ್ಳುತ್ತಿದ್ದರು.

ಆಟ ಫೋನಿನದು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದ ಹೆಸರಿದೆ. ನಮ್ಮವರಿಗೆ ಅದು ಗೊಂಬಿ ಆಟ. ಗೆಳೆಯರು ಅವರವರ ಮನೆಯಲ್ಲಿ ಕೂತೇ ಒಂದೇ ಆಟದೊಳಗೆ ಸೇರಬಹುದು. ಫೋನಿನಲ್ಲಿ ಒಂದು ಹಳೆಯ ವಾಡೆ ಕಾಣುತ್ತದೆ. ಅಂಗಳ, ಬಾವಿ, ಅಟ್ಟ, ಕತ್ತಲ ಕೋಣೆಗಳು. ಒಬ್ಬೊಬ್ಬನಿಗೆ ಒಂದು ಗೊಂಬೆ. ವಾಡೆಯೊಳಗೆ ಎಲ್ಲರಿಗಿಂತ ಕೊನೆಗೆ ಬಂದವನೇ ಭೂತ. ಭೂತ ಮುಟ್ಟಿದ ಗೊಂಬೆ ಬೀಳುತ್ತದೆ, ಅದರ ತಲೆಯ ಹತ್ತಿರ ಒಂದು ಸಣ್ಣ ದೀಪ ಹತ್ತಿಕೊಳ್ಳುತ್ತದೆ. ಹತ್ತು ನಿಮಿಷ ಬೀಳದೆ ಉಳಿದವನಿಗೆ ಕಿರೀಟ. ಆಡುವಾಗ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರುತ್ತದೆ.

ಆಡುವವರು ನಾಲ್ವರು. ದೇವಪ್ಪ, ಟೇಲರ್ ಮತೀನ, ಊರಿನ ಜನನ ಮರಣ ಬರೆಯುವ ಆಫೀಸಿನ ಗುಮಾಸ್ತ ರಾಜಕುಮಾರ, ಮತ್ತು ಕಂಬಳಿ ವ್ಯಾಪಾರದ ಕಾಳಪ್ಪ. ಮಧ್ಯಾಹ್ನ ಮೂರಕ್ಕೆ ಓಣಿಯ ಮಗ್ಗಗಳೆಲ್ಲ ಚಹಾಕ್ಕೆಂದು ನಿಲ್ಲುತ್ತವೆ. ಅದೇ ಇವರ ಹೊತ್ತು. ಕಾಳಪ್ಪ ತನ್ನ ಗೊಂಬೆಗೆ ಕರಿಯ ಹೊದಿಕೆ ಹೊದಿಸಿದ್ದ, ಥೇಟು ಕಂಬಳಿಯೇ. ಆರು ತಿಂಗಳಲ್ಲಿ ಆ ಗೊಂಬೆಯನ್ನು ಯಾವ ಭೂತವೂ ಮುಟ್ಟಿರಲಿಲ್ಲ. ಆಡುವಷ್ಟು ಹೊತ್ತೂ ಕಾಳಪ್ಪ "ಎಡಕ್ಕ, ಬಲಕ್ಕ" ಎಂದು ಗೊಣಗುವುದು ಉಳಿದವರ ಫೋನಿನಲ್ಲಿ ಕೇಳುತ್ತಿತ್ತು. ಕಾಳಪ್ಪನ ಹೆಂಡತಿ ಚಂದವ್ವನಿಗೆ ಮಾತ್ರ ಈ ಆಟ ಕಂಡರಾಗದು. ಬಾಗಿಲಲ್ಲಿ ನಿಂತು, "ವಯಸ್ಸಾದ ಗಂಡಸರು ಗೊಂಬಿ ಆಡಾಕ ಹತ್ಯಾರ! ಒಂದಿನ ಆ ಫೋನನ್ನ ಬಾವ್ಯಾಗ ಒಗೀತೇನಿ ನೋಡ್ರಿ" ಎಂದು ಬೈಯುವುದು ಓಣಿಗೆಲ್ಲ ಬಾಯಿಪಾಠವಾಗಿತ್ತು.

ಆ ದಿನ ದೇವಪ್ಪನನ್ನು ಹೆಂಡತಿ ಸೋಮವ್ವ ಹಿಟ್ಟಿನ ಗಿರಣಿಗೆ ಕಳಿಸಿದ್ದಳು. ತಡವಾಗಿ ಬಂದ, ಆದ್ದರಿಂದ ಭೂತನಾದ. ವಾಡೆಯಲ್ಲಿ ಹುಡುಕುತ್ತ ಹೋದರೆ ಬಾವಿಯ ಹತ್ತಿರ ಕರಿ ಕಂಬಳಿಯ ಗೊಂಬೆ ಸುಮ್ಮನೆ ನಿಂತಿದೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ದೇವಪ್ಪ ಹಿಂದಿನಿಂದ ಹೋಗಿ ಮುಟ್ಟಿದ.

"ಸಾಯಲೇ ಮಗನ! ಸಾಯಿ!"

ಗೊಂಬೆ ಬಿತ್ತು. ದೀಪ ಹತ್ತಿತು. ದೇವಪ್ಪ ಬನಿಯನ್ನಿನ ಮೇಲೇ ಓಣಿಗೆ ಹಾರಿ ಬಂದ. "ಮುಗಿಸಿದೆ! ಕಾಳಪ್ಪನ್ನ ಮುಗಿಸಿದೆ! ನಾನಽ ಮುಗಿಸಿದೆ, ಮತ್ತ್ಯಾರೂ ಅಲ್ಲ!"

ಆರು ತಿಂಗಳ ಸೋಲು ಒಮ್ಮೆಗೇ ತೀರಿದರೆ ಮನುಷ್ಯ ಸುಮ್ಮನಿರಲಾರ. ಮೂಲೆಯ ಅಂಗಡಿಯಿಂದ ಓಣಿಗೆಲ್ಲ ಮಿರ್ಚಿ ಬಜ್ಜಿ ತರಿಸಿದ. ಕಟ್ಟೆಯ ಮೇಲೆ ನಿಂತು, ಹಿಂದಿನಿಂದ ಹೇಗೆ ಹೋದೆ, ಸಪ್ಪಳವಾಗದಂತೆ ಹೇಗೆ ಕೈ ಚಾಚಿದೆ, ಅವನು ಹೇಗೆ ಪಿಟ್ಟೆನ್ನದೆ ಬಿದ್ದ ಎಂದು ಎರಡನೆಯ ಸಲ ಹೇಳುತ್ತಿದ್ದಾಗ ಕಾಳಪ್ಪನ ಮನೆಯಿಂದ ಚಂದವ್ವನ ಚೀರಾಟ ಕೇಳಿತು.

ಕಾಳಪ್ಪನನ್ನು ದವಾಖಾನೆಗೆ ಒಯ್ದರು. ಎದೆ ನಿಂತು ಆಗಲೇ ಹೊತ್ತಾಗಿದೆ ಎಂದು ಡಾಕ್ಟರು ಹೇಳಿದರು. ಸುದ್ದಿ ಓಣಿಗೆ ಬಂದಾಗ ಎಲ್ಲರೂ ದೇವಪ್ಪನ ಕಡೆ ನೋಡಿದರು. ಕೈಯಲ್ಲಿದ್ದ ಬಜ್ಜಿಯನ್ನು ತಿನ್ನುವುದೋ ಎಸೆಯುವುದೋ ಯಾರಿಗೂ ತಿಳಿಯಲಿಲ್ಲ. ಕೊನೆಗೆ ತಿಂದರು. ಆದರೆ ಯಾರೂ ಚೆನ್ನಾಗಿದೆ ಎನ್ನಲಿಲ್ಲ.

ಹನ್ನೊಂದನೆಯ ದಿನ ಎಡೆ. ಸತ್ತವರಿಗೆ ಪ್ರೀತಿಯಾದದ್ದೆಲ್ಲ ಫೋಟೋದ ಮುಂದಿಟ್ಟು, ಎಲ್ಲರೂ ಹೊರಗೆ ಬಂದು ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ನಿಲ್ಲುವುದು ನಮ್ಮಲ್ಲಿ ಪದ್ಧತಿ. ಆ ಹೊತ್ತಿನಲ್ಲಿ ಹೋದವರು ಬಂದು ಮುಟ್ಟಿ ಹೋಗುತ್ತಾರೆ. ಹೋಳಿಗೆ ಇಟ್ಟರು, ಎಲೆ ಅಡಿಕೆ ಇಟ್ಟರು, ತಂಬಾಕಿನ ಚೀಲ ಇಟ್ಟರು, ಹೊಸ ಕಂಬಳಿ ಇಟ್ಟರು. ಆಗ ದೇವಪ್ಪ, ಹನ್ನೊಂದು ದಿನದಿಂದ ಬಾಯಿ ಬಿಡದಿದ್ದವನು, ಮೊದಲ ಸಲ ಮಾತಾಡಿದ.

"ಅವಗ ಎಲ್ಲಕ್ಕಿಂತ ಪ್ರೀತಿ ಫೋನು. ಅದನ್ನ ಬಿಟ್ಟು ಹೋಳಿಗಿ ಇಟ್ರ ಅವ ಬರ್ತಾನೇನು?"

ಸರಿ ಎನ್ನಿಸಿತು. ಫೋನಿಗೆ ತುಂಬ ಚಾರ್ಜು ಮಾಡಿ, ಒರೆಸಿ, ಕುಂಕುಮ ಹಚ್ಚಿ ಎಡೆಯ ನಡುವೆ ಇಟ್ಟರು. ಬಾಗಿಲು ಮುಚ್ಚಿ ಹೊರಗೆ ನಿಂತರು. ತೆರೆದಾಗ ಹೋಳಿಗೆ ಇಟ್ಟ ಹಾಗೇ ಇತ್ತು, ತಂಬಾಕೂ ಇಟ್ಟ ಹಾಗೇ ಇತ್ತು. ಫೋನು ಮಾತ್ರ ಕತ್ತಲಲ್ಲಿ ಬೆಳಗುತ್ತಿತ್ತು. ಕಂಪನಿಯ ಮೆಸೇಜು ಬಂದಿರಬೇಕು ಎಂದು ರಾಜಕುಮಾರ ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟ. ಹತ್ತಿರ ಹೋಗಿ ನೋಡುವ ಧೈರ್ಯ ಅವನಿಗೂ ಇರಲಿಲ್ಲ. ಆ ಮೇಲೆ ಫೋನನ್ನು ಅಲ್ಲೇ ಫೋಟೋದ ಮುಂದೆ ಬಿಟ್ಟರು.

ಇನ್ನೂ ಒಂದು ವಾರ ಕಳೆದ ಮೇಲೆ ಮತೀನ ಬಂದು, "ದೇವಪ್ಪಾ, ಹಿಂಗ ಕುಂತ್ರ ನೀನೂ ಹೋಗ್ತೀ. ಬಾ, ಒಂದು ಆಟ ಆಡೂಣು, ಅವನ ಹೆಸರಿಲೆ" ಎಂದ. ಮೂರು ಗಂಟೆಗೆ ಮಗ್ಗಗಳು ನಿಂತವು. ಮಗ್ಗ ನಿಂತಾಗ ನಮ್ಮ ಓಣಿಗೆ ಒಂದು ಥರದ ಮೌನ ಬರುತ್ತದೆ. ಇಡೀ ದಿನ ಖಟಖಟ ಕೇಳಿದ ಕಿವಿಗೆ ಆ ಮೌನವೇ ಸದ್ದಾಗುತ್ತದೆ. ಬಿಸಿಲು ನೆಟ್ಟಗೆ ನಿಂತಿತ್ತು. ಬೇವಿನ ಮರದ ಕಾಗೆ ಕೂಡ ಕೂಗಲಿಲ್ಲ. ಮೂರು ಗೊಂಬೆಗಳು ವಾಡೆಯ ಅಂಗಳದಲ್ಲಿ ನಿಂತವು.

"ನಾವು ಮೂರಽ ಮಂದಿ. ಭೂತ ಯಾರು?" ಎಂದ ರಾಜಕುಮಾರ.

ಹೇಳಿ ಮುಗಿಸುವಷ್ಟರಲ್ಲಿ ವಾಡೆಯ ದೊಡ್ಡ ಬಾಗಿಲು ತೆರೆಯಿತು. ಕರಿ ಕಂಬಳಿಯ ಗೊಂಬೆ ಒಳಗೆ ಬಂತು. ಗೊಂಬೆಯ ತಲೆಯ ಮೇಲೆ ಹೆಸರು ಬರೆದುಕೊಂಡೇ ಇತ್ತು: ಕಾಳಪ್ಪ.

ಮೂರು ಫೋನುಗಳಲ್ಲೂ ಉಸಿರು ನಿಂತಿತು. ನಾಲ್ಕನೆಯದರಿಂದ ಮಾತ್ರ ಸದ್ದು ಬರುತ್ತಿತ್ತು. ಕಿರ್... ಕಿರ್... ಕಿರ್... ಮಾತಿಲ್ಲ. ಸತ್ತವನ ಹೆಸರು ಹಿಡಿದು ಕರೆದರೆ ಓಗೊಡುತ್ತಾನೆ ಎಂಬ ಅಂಜಿಕೆಗೆ ಯಾರೂ ಹೆಸರು ಎತ್ತಲಿಲ್ಲ, ಯಾರೆಂದೂ ಕೇಳಲಿಲ್ಲ. ಕರಿ ಗೊಂಬೆ ಮತೀನನನ್ನು ದಾಟಿ ಹೋಯಿತು, ರಾಜಕುಮಾರನನ್ನು ದಾಟಿ ಹೋಯಿತು. ಸೀದಾ ದೇವಪ್ಪನ ಹಿಂದೆ ಬಿತ್ತು. ದೇವಪ್ಪ "ಬೀರಪ್ಪಾ, ಅಟ್ಟದ ಮ್ಯಾಲೆ ಕಾಪಾಡೋ" ಎಂದು ಬೇಡಿಕೊಳ್ಳುತ್ತ ಅಟ್ಟ ಹತ್ತಿದ. ಅದು ಅಟ್ಟಕ್ಕೇ ಬಂತು. "ಬೀರಪ್ಪಾ, ಹಗೇವಿನಾಗ ಕಾಪಾಡೋ" ಎಂದು ನೆಲದೊಳಗಿನ ಕಾಳಿನ ಹಗೇವಿಗೆ ಇಳಿದ. ಅದು ಹಗೇವಿನ ಬಾಯಲ್ಲಿ ಬಂದು ನಿಂತು, ಒಂದು ಗಳಿಗೆ ತಡೆದು, ಮುಟ್ಟಿತು.

ದೇವಪ್ಪ ಫೋನನ್ನು ಜೋಳದ ಚೀಲದಲ್ಲಿ ಹೂತು, ಮೇಲೆ ಒರಳು ಇಟ್ಟು, ಜ್ವರ ಬಂದು ಮಲಗಿದ.

ಸಂಜೆ ಮತೀನನ ಅಂಗಡಿಯಲ್ಲಿ ಓಣಿಯ ಹಿರಿಯರ ಸಭೆ ಕೂಡಿತು. ಹಿರಿಯರೆಂದರೆ ಮುಖ್ಯವಾಗಿ ಇಂದ್ರಾಬಾಯಿ. ಓಣಿಯಲ್ಲಿ ಯಾರಿಗೆ ಯಾವ ಗಾಳಿ ಸೋಕಿತು, ಅದು ಎಲ್ಲಿಂದ ಬಂತು ಎಂದು ಹೇಳಬಲ್ಲ ಹೆಂಗಸು.

"ಏಳು ನಿಮಿಷಕ್ಕ ಹಿಡೀತಂತ, ಹೌದಲ್ಲೋ?" ಎಂದು ಕೇಳಿದಳು. "ಮತ್ತ ಇಬ್ಬರನ್ನ ಮುಟ್ಟಲಿಲ್ಲ. ಅಂದ್ರ ಲೆಕ್ಕ ಇವಂದಽ. 'ಸಾಯಿ' ಅಂತ ಅಂದಾವ ಯಾರು? ಇವ. 'ಮುಗಿಸಿದೆ' ಅಂತ ಬಜ್ಜಿ ಹಂಚಿದಾವ ಯಾರು? ಇವ. ನಾನೂ ಎರಡು ತಿಂದೀನಿ, ಸುಳ್ಳ ಯಾಕ ಹೇಳ್ಲಿ."

"ಹಂಗಾರ ಇವ ನಾಳಿಂದ ಆಡೂದು ಬ್ಯಾಡ" ಎಂದಳು ಸೋಮವ್ವ.

"ಆಡದಿದ್ರ? ಅಲ್ಲಿ ಸಿಗದಾವನ್ನ ಹುಡುಕ್ಕೋಂತ ಮನಿಗೇ ಬಂದ್ರ? ಫೋನಿನಾಗ ಇರೂತನಕ ಫೋನಿನಾಗಽ ಇರ್ಲಿ, ಯವ್ವಾ."

ದೇವಪ್ಪ ದಿನಾಲೂ ಆಡಲೇಬೇಕು ಎಂದು ಠರಾವಾಯಿತು. ಜೊತೆಗೆ ಇನ್ನೊಂದು ಠರಾವು ಆಯಿತು: ಚಂದವ್ವನ ಕಿವಿಗೆ ಇದು ಬೀಳಕೂಡದು. ಗಂಡ ಹೋಗಿ ಇಪ್ಪತ್ತು ದಿನವಾಗಿಲ್ಲ, ಅವನು ಇನ್ನೂ ಮುಕ್ತಿಯಿಲ್ಲದೆ ವಾಡೆಯಲ್ಲಿ ಅಲೆಯುತ್ತಿದ್ದಾನೆ ಎಂದರೆ ಆಕೆಯ ಎದೆ ಒಡೆದೀತು. ಹೀಗೆ ಊರಿಗೆಲ್ಲ ಗೊತ್ತಿದ್ದ ಸುದ್ದಿಯನ್ನು ಗೊತ್ತಿರಬೇಕಾದ ಒಬ್ಬಳಿಂದ ಎಲ್ಲರೂ ಒಟ್ಟಾಗಿ, ಭಾಳ ಕಾಳಜಿಯಿಂದ, ಮುಚ್ಚಿಟ್ಟರು.

ಆದರೂ ಖಾತ್ರಿ ಬೇಕಲ್ಲ. ಮರುದಿನ ಬೆಳಿಗ್ಗೆ ಸೋಮವ್ವ ಕಾಳಪ್ಪನ ಮನೆಗೆ ಮಾತಾಡಿಸುವ ನೆಪದಲ್ಲಿ ಹೋದಳು. ಫೋನು ಫೋಟೋದ ಮುಂದೆ, ಕುಂಕುಮದ ಸಮೇತ, ಇಟ್ಟಲ್ಲೇ ಇತ್ತು. ಬಂದು ಹೇಳಿದಳು. "ಇಟ್ಟಲ್ಲೇ ಐತಾ?" ಎಂದು ಇಂದ್ರಾಬಾಯಿ ಎರಡು ಸಲ ಕೇಳಿದಳು. ಬೇರೆ ಕಡೆ ಇದ್ದಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಆಮೇಲೆ ಒಬ್ಬೊಬ್ಬರಾಗಿ ಮತ್ತೂ ನಾಲ್ಕು ಹೆಂಗಸರು ಹೋಗಿ ಬಂದರು. ನಾಲ್ಕನೆಯವಳಿಗೆ ಚಂದವ್ವ, "ಎಲ್ಲಾರೂ ನನ್ನ ಮಾತಾಡಸಾಕ ಬಂದು ಫೋನನ್ನಽ ನೋಡ್ತೀರಲ್ಲ, ಯಾಕವಾ?" ಎಂದಳಂತೆ. ಆಕೆ ಹೂವು ನೋಡಿದೆ ಎಂದು ಹೇಳಿ ಪಾರಾದಳು. ಫೋಟೋಕ್ಕೆ ಆ ದಿನ ಹೂವೇ ಇರಲಿಲ್ಲ.

ಎರಡನೆಯ ದಿನ ಕರಿ ಗೊಂಬೆ ದೇವಪ್ಪನನ್ನು ಐದು ನಿಮಿಷಕ್ಕೆ ಹಿಡಿಯಿತು. ಮೂರನೆಯ ದಿನ ನಾಲ್ಕು ನಿಮಿಷಕ್ಕೆ. ಆ ದಿನ ಓಣಿಯಲ್ಲಿ ಕರೆಂಟು ಇರಲಿಲ್ಲ; ಆದರೂ ಫೋನಿನಿಂದ ಕಿರ್... ಕಿರ್... ಸದ್ದು ಬರುತ್ತಲೇ ಇತ್ತು. ಅದು ಕಾಳಪ್ಪನ ಮನೆಯ ಹಳೆಯ ಫ್ಯಾನಿನದು ಎಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು.

"ಕರೆಂಟ್ ಇಲ್ಲದ ಫ್ಯಾನು ಹ್ಯಾಂಗ ತಿರಗತೈತಿ?" ಎಂದು ಮತೀನ ಪಿಸುಗುಟ್ಟಿದ.

ರಾಜಕುಮಾರ ಎದ್ದು ಸೀದಾ ಆಫೀಸಿಗೆ ಹೋದ. ಹಿಂದೆಯೇ ದೇವಪ್ಪನೂ ಹೋದ. ಕಪಾಟಿನಿಂದ ದೊಡ್ಡ ರಿಜಿಸ್ಟರು ತೆಗೆದು ರಾಜಕುಮಾರ ಬೆರಳಿಟ್ಟು ತೋರಿಸಿದ.

"ನೋಡು. ಹೆಸರು, ತಾರೀಖು, ಕಾರಣ, ನನ್ನ ಸಹಿ, ನನ್ನ ಸೀಲು. ಇದರಾಗ ಬಂದಾವ ಯಾರೂ ತಿರಗಿ ಹೋಗಿಲ್ಲ. ಇಪ್ಪತ್ತೆರಡು ವರ್ಷದಾಗ ಒಬ್ಬನೂ ಇಲ್ಲ!"

"ಸತ್ತಾನಂತ ನನಗೂ ಗೊತ್ತೈತಪಾ. ನಾನಽ ಅಲ್ಲಽ—"

"ಮೆಲ್ಲಕ ಮಾತಾಡಲೇ! ಹೊರಗ ಮಂದಿ ಅದಾರ. ಅವ ಮೂರು ಗಂಟೆಕ ಆಡಾಕ ಬರ್ತಾನಂತ ಸಾಹೇಬರಿಗೆ ಗೊತ್ತಾದ್ರ ನನ್ನ ಸರ್ಟಿಫಿಕೇಟಿನ ಗತಿ ಏನು? ಮೂರು ಕಾಪಿ ಕೊಟ್ಟೀನಿ! ಸತ್ತಾವನ್ನ ಬದುಕಸೂ ಅರ್ಜಿ ಫಾರ್ಮು ಸರ್ಕಾರದಾಗ ಇಲ್ಲ."

ದೇವಪ್ಪನಿಗೆ ಇನ್ನು ಉಳಿದದ್ದು ದೇವರು. ಕಾಳಪ್ಪನೂ ಅವನೂ ಬೀರಪ್ಪನ ಒಕ್ಕಲು. ಊರ ಹೊರಗಿನ ದಿಬ್ಬದ ಮೇಲೆ ಗುಡಿ. ಅಲ್ಲಿಯ ಪೂಜಾರಿ ಮುತ್ತಪ್ಪಜ್ಜ. ವರ್ಷಕ್ಕೊಮ್ಮೆ ಅವನ ಬಾಯಿಂದ ದೇವರ ಹೇಳಿಕೆ ಬರುತ್ತದೆ. ಮಳೆ ಬೆಳೆ ಹೇಗೆ ಎಂದು ಎರಡು ಮಾತಿನಲ್ಲಿ ಬರುವ ಒಗಟು. ಅದನ್ನು ಬಿಡಿಸಲು ಊರು ತಿಂಗಳುಗಟ್ಟಲೆ ಜಗಳಾಡುತ್ತದೆ. ದೇವಪ್ಪ, ಮತೀನ, ರಾಜಕುಮಾರ ಮೂವರೂ ಹೋದರು. ಅಜ್ಜ ಗುಡಿಯ ನೆರಳಲ್ಲಿ ಕೂತು ಉಣ್ಣೆ ಹಿಂಜುತ್ತಿದ್ದ. ದೇವಪ್ಪ ತನ್ನ ಲೆಕ್ಕದಲ್ಲಿ ಪಿಸುಮಾತಿನಲ್ಲಿ ಎಲ್ಲ ಹೇಳಿದ. ದಿಬ್ಬದ ಕೆಳಗೆ ಕುರಿ ಕಾಯುತ್ತಿದ್ದವರು ಎದ್ದು ನಿಂತು ಕೇಳಿದರು.

ಅಜ್ಜ ಕೊನೆಯವರೆಗೂ ಕೇಳಿ, ಉಣ್ಣೆಯಿಂದ ಕಣ್ಣೆತ್ತದೆ ಒಂದೇ ಮಾತು ಕೇಳಿದ: "ಆ ಫೋನಿಗೆ ರೀಚಾರ್ಜ್ ಯಾರು ಹಾಕ್ತಾರ?"

ಮೂವರೂ ಮುಖ ಮುಖ ನೋಡಿಕೊಂಡರು. ಸಾಮಾನ್ಯ ಮನುಷ್ಯ ಕೇಳಿದ್ದರೆ ಅದು ಪ್ರಶ್ನೆ. ಉತ್ತರ ಹುಡುಕಿದ್ದರೆ ಅಲ್ಲಿಗೇ ಕಥೆ ಮುಗಿಯುತ್ತಿತ್ತು. ಆದರೆ ಕೇಳಿದವನು ಬೀರಪ್ಪನ ಪೂಜಾರಿ. ದೇವಪ್ಪ ಅಲ್ಲೇ ಅಡ್ಡಬಿದ್ದ. ಅಜ್ಜ "ಅಲ್ಲೋ ತಮ್ಮಾ, ನಾ ಕೇಳಿದ್ದು—" ಎನ್ನುವುದರೊಳಗೆ ಮೂವರೂ ಭಂಡಾರ ಹಚ್ಚಿಕೊಂಡು ದಿಬ್ಬ ಇಳಿದಾಗಿತ್ತು.

ದಾರಿಯುದ್ದಕ್ಕೂ ಅರ್ಥ ಬಿಡಿಸಿದರು. ಇಂದ್ರಾಬಾಯಿ ಕೊನೆಯ ತೀರ್ಮಾನ ಕೊಟ್ಟಳು: ಹೋದವನಿಗೆ ಎಡೆ ಇಟ್ಟಿರಿ, ಆ ಎಡೆ ಖಾಲಿಯಾಗಿದೆ, ತುಂಬುವವರು ಯಾರು ಎಂದು ದೇವರು ಕೇಳುತ್ತಿದ್ದಾನೆ. ಅದಕ್ಕೆ ಸರಿಯಾಗಿ ಆ ಎರಡು ದಿನ ಕರಿ ಗೊಂಬೆ ಬರಲಿಲ್ಲ. ಕಾಳಪ್ಪ ಹಾಕಿಸಿದ್ದ ರೀಚಾರ್ಜಿನ ಅವಧಿ ಮುಗಿದಿತ್ತು. ಮೂರು ಗೊಂಬೆಗಳು ಬಾಗಿಲು ನೋಡುತ್ತ ನಿಂತವು. ಬರಲಿಲ್ಲವೆಂದು ಸಂತೋಷಪಡಬೇಕಾದ ದೇವಪ್ಪ ಮಾತ್ರ, "ಹಸದಾನ, ಅದಕ್ಕಽ ಬಂದಿಲ್ಲ. ನಾನು ಕೊಂದೆ, ಈಗ ಉಪವಾಸ ಕೆಡವೀನಿ" ಎಂದು ಕಣ್ಣೀರು ಹಾಕಿದ. ಮೂರನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ಬರಿಗಾಲಲ್ಲಿ ಮೊಬೈಲ್ ಅಂಗಡಿಗೆ ನಡೆದು, ಕಾಳಪ್ಪನ ನಂಬರಿಗೆ ಮೂರು ತಿಂಗಳ ರೀಚಾರ್ಜ್ ಹಾಕಿಸಿ, ಕೌಂಟರಿಗೆ ಕೈಮುಗಿದು ಬಂದ.

ಅದೇ ಮಧ್ಯಾಹ್ನ ಮೂರಕ್ಕೆ ವಾಡೆಯ ಬಾಗಿಲು ತೆರೆಯಿತು.

ಇನ್ನು ಸಂಶಯ ಉಳಿಯಲಿಲ್ಲ. ಅಲ್ಲಿಯವರೆಗೆ ನಗುತ್ತಿದ್ದ ಓಣಿಯ ಇಬ್ಬರು ಮೂವರೂ ಅಂದಿನಿಂದ ಬೇವಿನ ಸೊಪ್ಪು ಕಟ್ಟಿಕೊಂಡರು. ಗೊಂಬೆ ಆ ದಿನ ದೇವಪ್ಪನನ್ನು ಎರಡೇ ನಿಮಿಷಕ್ಕೆ ಹಿಡಿಯಿತು.

"ಏಳು, ಐದು, ನಾಕು, ಎರಡು" ಎಂದು ಇಂದ್ರಾಬಾಯಿ ಬೆರಳು ಮಡಚಿದಳು. "ನಾಳಿ ಒಂದು. ನಾಡದು?"

ಸೋಮವ್ವ ಫೋನಿಗೆ ಉಪ್ಪು ಮೆಣಸಿನಕಾಯಿ ನಿವ್ವಾಳಿಸಿ ಒಲೆಗೆ ಹಾಕಿದಳು. ಓಣಿಯೆಲ್ಲ ಕೆಮ್ಮಿತು. ಗೋಡೆಯಾಚೆ ಚಂದವ್ವನೂ ಕೆಮ್ಮಿದ್ದು ಕೇಳಿತು.

ಮರುದಿನ ದೇವಪ್ಪ ಬೆಳಗಿನಿಂದ ಏನೂ ತಿನ್ನಲಿಲ್ಲ. ತೊಳೆದ ಧೋತರ ಉಟ್ಟ. ಟ್ರಂಕಿನ ಕೀಲಿ ಎಲ್ಲಿದೆ, ಪಿಂಚಣಿಯ ಪುಸ್ತಕ ಎಲ್ಲಿದೆ, ಎಮ್ಮೆಗೆ ಯಾವ ಹಿಂಡಿ ಒಗ್ಗುವುದಿಲ್ಲ ಎಂದು ಸೋಮವ್ವನಿಗೆ ಹೇಳಿದ.

"ಹಿಂಗ್ಯಾಕ ಮಾತಾಡ್ತೀರಿ? ಓಡ್ರಿ, ಅಡಗ್ರಿ. ಆ ಕಡೆ ಈ ಕಡೆ ತಪ್ಪಿಸ್ಕೋರಿ" ಎಂದು ಅವಳು ಅತ್ತಳು.

"ಇವತ್ತ ಓಡೂದಿಲ್ಲ. ಅವನ ಮುಂದ ನಿಂತು ತಪ್ಪಾತು ಅಂತೇನಿ. ಒಯ್ದ್ರ ಒಯ್ಯಲಿ. ದಿನಾ ಹಿಂಗ ಸಾಯೂದಕ್ಕಿಂತ ಅದಽ ಛಲೋ."

ಎರಡೂ ಮುಕ್ಕಾಲಿಗೆ ದೇವಪ್ಪನ ಪಡಸಾಲೆ ತುಂಬಿತು. ಕಾಳಪ್ಪನ ಮನೆ ಪಕ್ಕದ ಆಳೆತ್ತರದ ಗೋಡೆಯಾಚೆಗೇ ಇದ್ದುದರಿಂದ ಎಲ್ಲರೂ ಚಪ್ಪಲಿ ಕೈಯಲ್ಲಿ ಹಿಡಿದು ಬಂದು, ಬಾಯಿಗೆ ಸೆರಗು, ರುಮಾಲು ಒತ್ತಿಕೊಂಡು ಕೂತರು. ಮತೀನ ಅಂಗಡಿಗೆ ಬೀಗ ಹಾಕಿ ಬಂದಿದ್ದ. ರಾಜಕುಮಾರ ನಿಮಿಷ ನೋಡಲು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದಿದ್ದ. ಮೂರಾಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಕೊನೆಯ ಮಗ್ಗ ನಿಂತ ಮೇಲೆ ಬಿಸಿಲಿನ ಸದ್ದೂ ಕೇಳುವಂತಿತ್ತು.

ವಾಡೆಯ ಬಾಗಿಲು ತೆರೆಯಿತು. ಕರಿ ಗೊಂಬೆ ಒಳಗೆ ಬಂತು. ಕಿರ್... ಕಿರ್...

ದೇವಪ್ಪನ ಗೊಂಬೆ ಅಂಗಳದ ನಡುವೆ ನಿಂತಿತ್ತು. ಕರಿ ಗೊಂಬೆ ಹತ್ತಿರ ಬಂತು. ಇನ್ನೂ ಹತ್ತಿರ ಬಂತು. ಗೇಣು ದೂರದಲ್ಲಿ, ಏನೋ ತಿಳಿಯದಂತೆ, ನಿಂತಿತು.

"ಕಾಳಪ್ಪಾ" ಎಂದ ದೇವಪ್ಪ.

ಹೆಂಗಸರು ಕಿವಿ ಮುಚ್ಚಿಕೊಂಡರು. ಅಷ್ಟು ದಿನದಲ್ಲಿ ಆ ಹೆಸರು ಹಿಡಿದು ಯಾರೂ ಕರೆದಿರಲಿಲ್ಲ.

"ಕಾಳಪ್ಪಾ, ಓಡೂದಿಲ್ಲ ನಾ. ನಲವತ್ತು ವರ್ಷದ ದೋಸ್ತಿ ನಮ್ಮದು. ಆವತ್ತ ಸಾಯಿ ಅಂದೆ. ಬಾಯಾಗ ಬಂತು, ಅಂದೆ, ಮನಸಿನಾಗ ಇರ್ಲಿಲ್ಲಪಾ. ನಿನಗ ಮಣ್ಣ ಹಾಕೂಮುಂದ ನನ್ನ ಹಿಡಿಮಣ್ಣು ಬಾಜೂಕ ಬಿತ್ತು. ಅದನ್ನೂ ನೀ ನೋಡಿರಬೇಕು. ತಪ್ಪಾತು ಅನ್ನಾಕ ನೀ ಒಮ್ಮಿ ಸಿಗಬೇಕಿತ್ತು, ಈಗ ಸಿಕ್ಕೀದಿ. ತಪ್ಪಾತು. ನನ್ನ ಒಯ್ಯೂದಿದ್ರ ಒಯ್ಯಿ. ಸೋಮವ್ವನ್ನ ಹೆದರಸಬ್ಯಾಡ, ಆಕಿಗೆ ಬೀಪಿ ಐತಿ."

ಕಿರ್ ಸದ್ದು ನಿಂತಿತು. ಕರಿ ಗೊಂಬೆ ಅಲ್ಲಾಡಲಿಲ್ಲ.

"ದೇವಪ್ಪಣ್ಣ, ಏನ ಮಾತಾಡಾಕ ಹತ್ತೀರಿ?"

ದನಿ ಎರಡು ಸಲ ಕೇಳಿತು. ಒಮ್ಮೆ ಗೋಡೆಯಾಚೆಯಿಂದ, ಅರೆಗಳಿಗೆ ಬಿಟ್ಟು ಫೋನಿನೊಳಗಿಂದ. ಇಂದ್ರಾಬಾಯಿ ಎರಡನೆಯದಕ್ಕೆ ಕಾಯಲಿಲ್ಲ. ಮೊದಲನೆಯದಕ್ಕೇ ರಾಜಕುಮಾರನ ಮೇಲೆ ಉರುಳಿದಳು, ಕೈಗಡಿಯಾರ ಎಮ್ಮೆಯ ಕಡೆ ಹಾರಿತು.

"ಚಂ... ಚಂದವ್ವಾ?" ಎಂದ ಮತೀನ.

"ಮತ್ತ್ಯಾರು? ನಾನು ಅಂತ ನಿಮಗೆಲ್ಲಾ ಗೊತ್ತೈತಿ, ನನ್ನ ಮರ್ಯಾದಿ ಉಳಸಾಕ ಹೆಸರು ಎತ್ತವಲ್ರಿ ಅಂತ ತಿಳಿದಿದ್ದೆ. ಗಂಡ ಹೋಗಿ ತಿಂಗಳ ಆಗಿಲ್ಲ, ಮುಂಡೆ ಗೊಂಬಿ ಆಡಾಕ ಹತ್ಯಾಳ ಅಂದಾರು ಅಂತ ನಾನೂ ಗಪ್ಪ ಇದ್ದೆ. ದಿನಾ ಇದಽ ಹೊತ್ತಿಗೆ ಈ ಹೊರಸಿನ ಮ್ಯಾಲೆ ನಿಮ್ಮ ಗದ್ದಲ ಕೇಳಿ ಕೇಳಿ ರೂಢಿ ಆಗಿತ್ತು. ಮನಿ ಭಾಳ ಸುಮ್ಮಾಗಿತ್ರಿ. ರೀಚಾರ್ಜ್ ಮುಗೀತು, ಸಾಕು ಅಂತ ಬಿಟ್ಟಿದ್ದೆ. ಮತ್ತ ಮೆಸೇಜ್ ಬಂತು, ನೀವಽ ಹಾಕ್ಸಿದ್ರಿ ಅಂತ ಅಂಗಡಿ ಹುಡುಗ ಹೇಳಿದ, ದೇವಪ್ಪಣ್ಣ. ಬಾ ಅಂತ ಕರದ್ಹಂಗ ಆತು, ಬಂದೆ."

ದೇವಪ್ಪನ ಬಾಯಿ ತೆರೆದೇ ಇತ್ತು. ಅಷ್ಟು ಹೊತ್ತು ತೆರೆದ ಬಾಯಿಯಿಂದ ಸದ್ದು ಬರದಿದ್ದದ್ದು ಓಣಿಯ ಚರಿತ್ರೆಯಲ್ಲಿ ಅದೇ ಮೊದಲು.

"ಆದ್ರ ಅಕ್ಕಾ, ನಿನಗ ಆಟ ಹ್ಯಾಂಗ ಬರ್ತೈತಿ?" ಮತೀನ ಕೇಳಿದ. "ಥೇಟು ಅವನಂಗಽ ಆಡ್ತೀ!"

"ಅವರು ಎಲ್ಲಿ ಆಡ್ತಿದ್ರು? ಪೊರಿ ಬಂದು ಅವರಿಗೆ ಕಣ್ಣು ಎಲ್ಲಿ ಕಾಣ್ತಿತ್ತು? ಆರು ತಿಂಗಳಿಂದ ಬೆರಳು ನಂದು. ಅವರು ಇದಽ ಹೊರಸಿನ ಮ್ಯಾಲೆ ಮಲಗಿ, ನಿಮ್ಮ ಮಾತು ಕೇಳಿ ಯಾರು ಎಲ್ಲಿ ಬಂದ್ರು ಅಂತ ಅಂದಾಜು ಮಾಡಿ, 'ಎಡಕ್ಕ, ಬಲಕ್ಕ' ಅಂತಿದ್ರು, ನಾ ಓಡತಿದ್ದೆ."

"ನಾವೂ ಕೇಳ್ತಿದ್ವಿ! ಅವ ತನಗ ತಾನಽ ಹೇಳ್ಕೋತಾನ ಅಂತ..." ಎಂದ ಮತೀನ.

"ಮತ್ತ ಬಾಗಲಾಗ ನಿಂತು ಬೈತಿದ್ದಿಯಲ್ಲಬೇ!" ಎಂದು ಇಂದ್ರಾಬಾಯಿ ನೆಲದಿಂದಲೇ ಕೂಗಿದಳು.

"ಬೈಯದಿದ್ರ ಆಟ ನಂದು ಅಂತ ನಿಮಗ ತಿಳೀತಿತ್ತಲ್ರಿ."

ಮತ್ತೆ ಮಾತಾಡಿದಾಗ ಚಂದವ್ವನ ದನಿ ಸಣ್ಣದಾಗಿತ್ತು.

"ಆವತ್ತ ಬಾವಿ ಹತ್ರ ನಿಂತಿದ್ದೆ. ಯಾವ ಕಡೆ ಹೋಗ್ಲಿ ಅಂತ ಕೇಳಿದೆ. ಅವರು ಎಡಕ್ಕ ಅನ್ಲಿಲ್ಲ, ಬಲಕ್ಕ ಅನ್ಲಿಲ್ಲ. ಹೇಳ್ತಾರಂತ ನಿಂತೆ. ಅದಕ್ಕಽ ನಾ ನಿಮಗ ಸಿಕ್ಕದ್ದು, ದೇವಪ್ಪಣ್ಣ. ನೀವು ಒದರೂದಕ್ಕಿಂತ ಮೊದಲಽ ಅವರು ಸುಮ್ಮಾಗಿದ್ರು. ನಿದ್ದಿ ಹತ್ತೇತಿ ಅಂತ ಕಂಬಳಿ ಹೊಚ್ಚಿ, ಚಹಾಕ್ಕ ಇಟ್ಟು ಬಂದೆ. ಚಹಾ ತಂದು ಎಬ್ಬಿಸಿದ ಮ್ಯಾಲೆ ಗೊತ್ತಾತು. ಬಾಜೂಕ ಕುಂತು ಗೊಂಬಿ ಆಡ್ತಿದ್ನೆಲ್ಲ, ಹೊಳ್ಳಿ ನೋಡಿದ್ರ ಉಳೀತಿದ್ರೇನೋ ಅಂತ ನಾ ಇಷ್ಟ ದಿನ ಸಾಯಾಕ ಹತ್ತೀನಿ. ನೀವು ಬ್ಯಾರೆ ಅದಽ ಗಂಟ ಹೊತ್ಕೊಂಡು ಕುಂತೀರಿ."

"ಹೊಳ್ಳಿ ನೋಡಿದ್ರೂ ಉಳೀತಿದ್ದಿಲ್ಲವಾ" ಎಂದ ರಾಜಕುಮಾರ, ಎಂದೂ ಇಲ್ಲದ ಮೆತ್ತಗಿನ ದನಿಯಲ್ಲಿ. "ಡಾಕ್ಟರ್ ಬರದದ್ದನ್ನ ನಾನಽ ರಿಜಿಸ್ಟರಿಗೆ ಇಳಿಸೀನಿ. ಒಮ್ಮಿಗೇ ನಿಂತೈತಿ. ಯಾರ ಕೈಯಾಗೂ ಇರ್ಲಿಲ್ಲ. ನಿನ್ನ ಕೈಯಾಗೂ ಇಲ್ಲ, ಇವನ ಬಾಯಾಗೂ ಇಲ್ಲ."

ದೇವಪ್ಪ ಧೋತರದ ತುದಿಯಿಂದ ಮೂಗು ಒರೆಸಿಕೊಂಡ. "ತಂಗೀ, ಆದ್ರೂ ನಾ ಸಾಯಿ ಅಂದೆನಲ್ಲ..."

"ಅಂದದ್ದು ಯಾರಿಗೆ? ಗೊಂಬಿ ಆಡ್ತಿದ್ದಾಕಿ ನಾನು. ಸಾಯಿ ಅಂದದ್ದು ನನಗ. ನಾ ಗಟ್ಟಿ ಅದೀನಲ್ರಿ!"

ಪಡಸಾಲೆಯಲ್ಲಿ ಯಾರೋ ಕಿಸಕ್ಕೆಂದರು. ನಗುವ ಸಮಯವೇ ಎಂದು ಉಳಿದವರು ತಿರುಗಿ ನೋಡಿದರು, ನೋಡುತ್ತ ನೋಡುತ್ತ ತಾವೂ ತಡೆಯಲಾರದೆ ಹೋದರು. ಮತೀನ ಕಣ್ಣು ಒರೆಸುತ್ತ ನಕ್ಕ. ಗೋಡೆಯಾಚೆಯಿಂದಲೂ ನಗುವಿನಂಥದೇ ಒಂದು ಸದ್ದು ಬಂತು, ಆದರೆ ಅದು ಪೂರ್ತಿ ನಗುವಾಗಿರಲಿಲ್ಲ. ಸೋಮವ್ವ ಎದ್ದು, ಬೀಸುಕಲ್ಲಿನ ಮೇಲೆ ಹತ್ತಿ, ಗೋಡೆಯ ಮೇಲಿಂದ ಇಣುಕಿದಳು. ಖಾಲಿ ಹೊರಸಿನ ಒಂದು ಅಂಚಿನಲ್ಲಿ ಚಂದವ್ವ ಕೂತಿದ್ದಳು; ಅವಳು ಅಲುಗಿದಾಗಲೆಲ್ಲ ಆ ಹಳೆಯ ಮಂಚ ಕಿರ್ ಎನ್ನುತ್ತಿತ್ತು. ಇನ್ನೊಂದು ಕಡೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟಿದ್ದಳು. ಎರಡೂ ಕೈಯಲ್ಲಿ ಫೋನು, ಕೆನ್ನೆ ಒದ್ದೆ.

"ಹಂಗಾರ ನನ್ನನ್ನಽ ಯಾಕ ಬೆನ್ನ ಹತ್ತಿದಿ ತಂಗೀ? ಅಷ್ಟು ಜಲ್ದಿ ಹ್ಯಾಂಗ ಹಿಡೀತಿದ್ದಿ?" ದೇವಪ್ಪ ಕೇಳಿದ.

"ಎಲ್ಲಿ ಅಡಗ್ತೀರಿ ಅಂತ ಬೀರಪ್ಪಗ ಒದರಿ ಹೇಳ್ತಿದ್ರಿ. ದೇವರಕಿಂತ ಮೊದಲು ನನಗ ಕೇಳತಿತ್ತು. ಇರ್ಲಿ, ಮಾತು ಸಾಕು. ಆಟ ಇನ್ನೂ ಮುಗಿದಿಲ್ಲ. ಹಿಂಗ ಕೈಮುಗದು ನಿಂತಾವರನ್ನ ಮುಟ್ಟಾಕ ನನಗ ಮನಸಿಲ್ಲ. ಓಡ್ರಿ, ದೇವಪ್ಪಣ್ಣ."

ಕರಿ ಗೊಂಬೆ ಎರಡು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಿತು.

ದೇವಪ್ಪ ಓಡಿದ. ಬಾಯಿಗೆ ರುಮಾಲು ತುರುಕಿಕೊಂಡು, ಒಂದು ಮಾತೂ ಆಡದೆ, ಅಂಗಳ ದಾಟಿ, ಕೊಟ್ಟಿಗೆ ದಾಟಿ ಓಡಿದ. ಕರಿ ಗೊಂಬೆ ಬಾವಿಯ ಹತ್ತಿರ ಬಂದು ನಿಂತಿತು. ಎತ್ತ ಹೋಗಬೇಕೋ ತಿಳಿಯದೆ ನಿಂತೇ ಇತ್ತು.

ಸೋಮವ್ವ ಬೀಸುಕಲ್ಲಿನಿಂದ ಇಳಿದು ಗಂಡನ ಫೋನಿನೊಳಗೆ ಒಮ್ಮೆ ಬಗ್ಗಿ ನೋಡಿದಳು. ಮತ್ತೆ ಕಲ್ಲು ಹತ್ತಿ, ಗೋಡೆಯ ಮೇಲೆ ಗದ್ದವೂರಿ, ಎದೆಯೆತ್ತರಿಸಿ ಕೂಗಿದಳು:

"ಎಡಕ್ಕ, ಚಂದವ್ವಾ! ಎಡಕ್ಕ!"